ಸ್ಲೈಡಿಗೆ ‘ಬೀಗ’: ಈ ಪದ ಎಲ್ಲಿಗೆ ಸರಿ, ಎಲ್ಲಿಗೆ ಸಲ್ಲದು?

ಎಲ್ಲರಿಗೂ ನಮಸ್ಕಾರ.

ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಅಧ್ಯಾಪಕರಿಗಾಗಿ ಒಂದು ಸೂಚನಾಪತ್ರ ತಯಾರಾಗುತ್ತಿದೆ: ಹಂಚಿಕೊಂಡ ಸ್ಲೈಡುಗಳನ್ನು ಬೇರೆಯವರು ತಿದ್ದದಂತೆ ಮಾಡುವುದು ಹೇಗೆ ಎಂದು. ಕರಡಿನಲ್ಲಿ ಎಲ್ಲದಕ್ಕೂ ‘ಬೀಗ ಹಾಕಿ’ ಎಂದೇ ಇದೆ. ಕೀಲಿಕೈ ಇಲ್ಲದೆ ತೆರೆಯುವುದನ್ನು ಬೀಗ ಎಂದು ಕರೆದರೆ ಓದಿದವರು ನಂಬಿ ಮೋಸಹೋಗುತ್ತಾರೆ ಎಂಬುದು ನನ್ನ ಆಕ್ಷೇಪ.

ಪವರ್‌ಪಾಯಿಂಟಿನ ‘ಮಾರ್ಕ್ ಆ್ಯಸ್ ಫೈನಲ್’ ನೋಡಿ. ಫೈಲ್ ತೆರೆದಾಗ ಮೇಲೊಂದು ಹಳದಿ ಪಟ್ಟಿ ಬರುತ್ತದೆ. ಅದರಲ್ಲಿನ ‘ಎಡಿಟ್ ಎನಿವೇ’ ಒತ್ತಿದರೆ ಯಾರು ಬೇಕಾದರೂ ತಿದ್ದಬಹುದು. ಇದಕ್ಕೆ ‘ಅಂತಿಮವೆಂಬ ಗುರುತು’ ಎಂದರೆ ಸಾಕು. ವಿಂಡೋಸಿನಲ್ಲಿ ಸೇವ್ ಆ್ಯಸ್ ಕಿಟಕಿಯ ಟೂಲ್ಸ್, ಅದರೊಳಗಿನ ಜನರಲ್ ಆಪ್ಶನ್ಸ್‌ನಲ್ಲಿ ಎರಡು ಪಾಸ್‌ವರ್ಡ್ ಕೊಡಬಹುದು: ತೆರೆಯಲು ಒಂದು, ತಿದ್ದಲು ಇನ್ನೊಂದು. ‘ಬೀಗ’ ಸಲ್ಲುವುದು ಇಲ್ಲಿಗೆ.

ಗೂಗಲ್ ಸ್ಲೈಡ್ಸ್‌ನಲ್ಲಿ ಪಾಸ್‌ವರ್ಡಿನ ಬೀಗ ಇಲ್ಲ, ಇರುವುದು ಅನುಮತಿ. ಷೇರ್ ಒತ್ತಿ, ಲಿಂಕ್ ಇದ್ದವರಿಗೆ ‘ವ್ಯೂವರ್’ ಆಯ್ದರೆ ಅದು ‘ನೋಡಲು ಮಾತ್ರ’. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಹೆಸರು ಹಾಕಿ ‘ಎಡಿಟರ್’ ಮಾಡಿದವರ ಹಕ್ಕು ಲಿಂಕಿನ ಅನುಮತಿಯನ್ನು ಬದಲಿಸಿದರೂ ಹೋಗುವುದಿಲ್ಲ. ಪಟ್ಟಿಯಲ್ಲಿ ಒಬ್ಬೊಬ್ಬರನ್ನೂ ‘ವ್ಯೂವರ್’ಗೆ ಇಳಿಸಬೇಕು. ಯಾರನ್ನಾದರೂ ಎಡಿಟರ್ ಆಗಿಯೇ ಉಳಿಸುವುದಾದರೆ, ಗಿಯರ್ ಚಿಹ್ನೆ ಒತ್ತಿ, ಎಡಿಟರುಗಳು ಅನುಮತಿ ಬದಲಿಸಿ ಹಂಚಬಹುದೆಂಬ ಗುರುತನ್ನು ತೆಗೆಯಬೇಕು. ಇಲ್ಲವಾದರೆ ಅವರು ಮತ್ತೊಬ್ಬರನ್ನು ಸೇರಿಸಬಲ್ಲರು. ನೋಡುವವರು ಪ್ರತಿ ಮಾಡಿಕೊಂಡು ತಿದ್ದಿದರೆ ಮೂಲಕ್ಕೇನೂ ಆಗುವುದಿಲ್ಲ, ಇದನ್ನೂ ಪತ್ರದಲ್ಲಿ ಹೇಳಬೇಕು. ಒಂದೇ ಸ್ಲೈಡನ್ನು ತಡೆಯುವ ದಾರಿ ಅಲ್ಲಿಲ್ಲ.

ಇಲ್ಲಿನ ಶಾಲೆಗಳ ಉಬುಂಟು ಕಂಪ್ಯೂಟರುಗಳಲ್ಲಿರುವ ಲಿಬ್ರೆಆಫೀಸ್ ಇಂಪ್ರೆಸ್ ಎಂಬ ಸ್ಲೈಡು ತಂತ್ರಾಂಶದಲ್ಲಿ ಎಫ್4 ಒತ್ತಿದರೆ ಸಿಗುವ ‘ಪ್ರೊಟೆಕ್ಟ್’ ಚಿತ್ರದ ಜಾಗ, ಗಾತ್ರಗಳನ್ನಷ್ಟೇ ಹಿಡಿದಿಡುತ್ತದೆ. ಅದಕ್ಕೆ ‘ಕದಲದಂತೆ ಮಾಡಿ’ ಎನ್ನೋಣ. ಶಾಲೆಯ ಹೆಸರು, ಲಾಂಛನ ಯಾರ ಕೈಗೂ ಸಿಗಬಾರದೆಂದರೆ ಮಾಸ್ಟರ್ ಸ್ಲೈಡಿನಲ್ಲಿ (ಸ್ಲೈಡುಗಳಿಗೆ ಹಿನ್ನೆಲೆಯಾಗುವ ಮಾದರಿಯಲ್ಲಿ) ಹಾಕಿ. ಸಾಮಾನ್ಯ ನೋಟದಲ್ಲಿ ಅವನ್ನು ಮುಟ್ಟಲಾಗದು.

ಇನ್ನು ‘ಎಡಿಟ್’. ಕನ್ನಡ ವಿಕಿಪೀಡಿಯ ‘ಸಂಪಾದಿಸಿ’ ಎನ್ನುತ್ತದೆ, ಮಲಯಾಳದ್ದು ‘ತಿರುತ್ತುಕ’, ಅಂದರೆ ತಿದ್ದು. ಸಂಪಾದನೆಗೆ ಗಳಿಕೆ ಎಂಬ ಅರ್ಥವೂ ಇರುವುದರಿಂದ, ಎರಡೂ ಭಾಷೆ ಕಿವಿಗೆ ಬೀಳುವ ನಮ್ಮಲ್ಲಿ ‘ತಿದ್ದು’ ಹೆಚ್ಚು ಸಲೀಸು. ಆದರೆ ‘ತಿದ್ದು’ ಎಂದೊಡನೆ ತಪ್ಪು ಸರಿಪಡಿಸುವುದೇ ನೆನಪಾಗುತ್ತದೆ. ಒಳ್ಳೆಯ ಸ್ಲೈಡನ್ನು ಕೆಡಿಸುವುದಕ್ಕೂ ಅದೇ ಪದ ಹೊಂದೀತೇ, ‘ಬದಲಿಸು’ ಎನ್ನುವುದು ಮೇಲೇ? ತಿಳಿದವರು ಹೇಳಬೇಕು.