ರೇಡಿಯೇಟರ್ ಫ್ಯಾನ್ ತಿರುಗುತ್ತಿಲ್ಲ, ಅದಕ್ಕೆ ಕರೆಂಟ್ ಬಿಡುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಯಾವುದು ಅಂತ ಗೊತ್ತಾಗೋದು ಹೇಗೆ?

ನಿಂತರೆಬಿಸಿ:
ಗಾಡಿ ಓಡುತ್ತಿರುವಾಗ ಏನೂ ತೊಂದರೆ ಇಲ್ಲ. ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಏರುತ್ತದೆ. ಎಸಿ ಹಾಕಿದರೂ ಫ್ಯಾನ್ ಅಲ್ಲಾಡುವುದಿಲ್ಲ. ಫ್ಯೂಸ್ ಚೆನ್ನಾಗಿದೆ. ಮೆಕ್ಯಾನಿಕ್ ಫ್ಯಾನ್ ಮೋಟರ್ ಬದಲಾಯಿಸಿ ಅಂತಿದ್ದಾರೆ, ನನಗೆ ರಿಲೇ ಮೇಲೆ ಅನುಮಾನ. ಆದರೆ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್‌ನಲ್ಲಿ ಎಲ್ಲ ರಿಲೇನೂ ಒಂದೇ ಥರ ಇವೆ!

ಹಳೇವೈರು:
ಮೋಟರ್‌ಗೆ ಈಗಲೇ ದುಡ್ಡು ಹಾಕಬೇಡಿ. ಫ್ಯೂಸ್ ಬಾಕ್ಸ್ ಮುಚ್ಚಳ ತಿರುಗಿಸಿ ನೋಡಿ, ಒಳಗಡೆ ನಕ್ಷೆ ಇರುತ್ತದೆ. ಅದರಲ್ಲಿ 'ರೇಡ್ ಫ್ಯಾನ್' ಅಥವಾ 'ಕೂಲಿಂಗ್ ಫ್ಯಾನ್' ಅಂತ ಬರೆದಿರುತ್ತದೆ. ಕೆಲವು ಗಾಡಿಗಳಲ್ಲಿ ನಿಧಾನಕ್ಕೆ ಒಂದು, ಜೋರಿಗೆ ಒಂದು ಅಂತ ಎರಡು ಮೂರು ರಿಲೇ ಇರುತ್ತವೆ. ಎಲ್ಲವನ್ನೂ ಗುರುತು ಮಾಡಿಕೊಳ್ಳಿ.

ಕೈ ಹಾಕುವ ಮುಂಚೆ ಇಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೀ ತೆಗೆದ ಮೇಲೂ ಫ್ಯಾನ್ ತಾನಾಗಿ ತಿರುಗುವ ಗಾಡಿಗಳಿವೆ, ಬೆರಳು ಹೋದೀತು.

ಅದೇ ಬಾಕ್ಸ್‌ನಲ್ಲಿ ಹಾರ್ನ್ ರಿಲೇ ಇರುತ್ತದೆ ಅಲ್ವಾ? ಮೈಮೇಲಿನ ನಂಬರ್, ಪಿನ್‌ಗಳ ಜೋಡಣೆ ಎರಡೂ ಒಂದೇ ಆಗಿದ್ದರೆ ಅದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕಿ. ನೇರವಾಗಿ ಮೇಲಕ್ಕೆ ಎಳೆಯಿರಿ, ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಬ್ಯಾಟರಿ ಜೋಡಿಸಿ, ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಫ್ಯಾನ್ ತಿರುಗಿತೋ, ಹಳೇ ರಿಲೇ ಸತ್ತಿದೆ ಅಂತ ಅರ್ಥ.

ತಿರುಗದಿದ್ದರೆ ರಿಲೇ ತೆಗೆದಿಟ್ಟು ಸಾಕೆಟ್‌ನಲ್ಲಿ ರಿಲೇಯ 30 (ಕರೆಂಟ್ ಒಳಗೆ) ಮತ್ತು 87 (ಫ್ಯಾನಿಗೆ ಹೊರಗೆ) ನಂಬರಿನ ಪಿನ್‌ಗಳು ಕೂರುವ ತೂತುಗಳನ್ನು ಫ್ಯೂಸ್ ಇರುವ ದಪ್ಪ ವೈರ್‌ನಿಂದ ಸೇರಿಸಿ. ಆಗ ತಿರುಗಿದರೆ ಮೋಟರ್ ಸರಿಯಿದೆ, ರಿಲೇಯನ್ನು ಆನ್ ಮಾಡಿಸುವ 85-86 ಪಿನ್‌ಗಳಿಗೆ ಆರ್ಡರ್ ಬರುತ್ತಿಲ್ಲ. ಆಗಲೂ ಇಲ್ಲವೆಂದರೆ ಮೋಟರ್, ಕನೆಕ್ಟರ್ ಅಥವಾ ಅರ್ಥಿಂಗ್ ವೈರ್ (ಗಾಡಿಯ ಬಾಡಿಗೆ ಹೋಗುವ ನೆಗೆಟಿವ್) ನೋಡಬೇಕು. ನಂಬರ್ ಓದಲು ಬರದಿದ್ದರೆ ಈ ಪರೀಕ್ಷೆ ಬಿಟ್ಟುಬಿಡಿ.

ಗೇರ್‌ಬದಲು:
ಒಂದು ಮಾತು. ಎಲ್ಲ ಗಾಡಿಯಲ್ಲೂ ರಿಲೇ ಇರುವುದಿಲ್ಲ. ಕೆಲವು ಹೊಸ ಮಾಡೆಲ್‌ಗಳಲ್ಲಿ ಫ್ಯಾನ್ ಪಕ್ಕದಲ್ಲೇ ಕಂಟ್ರೋಲ್ ಮಾಡ್ಯೂಲ್ ಕೂತಿರುತ್ತದೆ. ಓನರ್ಸ್ ಮ್ಯಾನ್ಯುವಲ್ ನೋಡಿಕೊಂಡು ಶುರು ಮಾಡಿ.

ನಿಂತರೆಬಿಸಿ:
ಹಾರ್ನ್ ರಿಲೇ ಹಾಕಿದೆ, ಎಸಿ ಒತ್ತಿದ ಕೂಡಲೇ ಫ್ಯಾನ್ ಗಿರ್ ಅಂತ ತಿರುಗಿತು! ಆದರೆ ಹಳೇ ರಿಲೇಯ ಒಂದು ಕಾಲು ಕಂದು ಬಣ್ಣಕ್ಕೆ ತಿರುಗಿದೆ. ಹೊಸದು ಹಾಕಿದರೆ ಮುಗೀತಲ್ಲ?

ಹಳೇವೈರು:
ಮುಗಿಯಲಿಲ್ಲ. ಅಲ್ಲಿ ಬಿಸಿ ಹುಟ್ಟಿದೆ. ಸಾಕೆಟ್‌ನ ಆ ತೂತನ್ನು ಟಾರ್ಚ್ ಹಾಕಿ ನೋಡಿ. ಒಳಗಿನ ಕ್ಲಿಪ್ ಸಡಿಲವಾಗಿದ್ದರೆ ಅಥವಾ ಪ್ಲಾಸ್ಟಿಕ್ ಕರಗಿದ್ದರೆ ಹೊಸ ರಿಲೇಯೂ ಅದೇ ದಾರಿ ಹಿಡಿಯುತ್ತದೆ. ಬ್ಯಾಟರಿ ಬಿಚ್ಚಿ ಫ್ಯಾನ್ ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು. ಆಗ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಅಂಗಡಿಗೆ ಹೋಗುವಾಗ ಹಳೇ ರಿಲೇ ಜೊತೆಗಿರಲಿ, ಆಂಪಿಯರ್ ಮತ್ತು ಪಿನ್ ಹೊಂದಿಸಿ ತನ್ನಿ. ಹಾರ್ನ್ ರಿಲೇಯನ್ನು ವಾಪಸ್ ಹಾಕೋದು ಮರೀಬೇಡಿ.