ಅಪ್‌ಡೇಟ್: ಮಗನ ಮೊಣಕಾಲು ನೋವು ಈಗ ಹೇಗಿದೆ

20 ದಿನದ ಹಿಂದೆ ಕೇಳಿದ್ದೆ. ಮಗನಿಗೆ 13 ವರ್ಷ, ಜಯನಗರದಲ್ಲಿ ದಿನಾ ಬ್ಯಾಡ್ಮಿಂಟನ್ ಆಡುತ್ತಾನೆ, ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಬಂದು ನೋಯುತ್ತಿದೆ ಅಂತ.

"ಆಸ್‌ಗುಡ್-ಶ್ಲಾಟರ್ ಇರಬಹುದು, ಮೂಳೆ ಡಾಕ್ಟರಿಗೆ ತೋರಿಸಿ" ಎಂದವರಿಗೆ ತುಂಬಾ ಥ್ಯಾಂಕ್ಸ್. ಅದೇ ಆಗಿತ್ತು. ಡಾಕ್ಟರ್ ಹೆಬ್ಬೆರಳಿನಿಂದ ಗಂಟು ಒತ್ತಿದ ಕೂಡಲೇ ಮಗ ಕಾಲು ಎಳೆದುಕೊಂಡ. ಮಕ್ಕಳು ಸರಸರ ಎತ್ತರ ಆಗುವಾಗ ತೊಡೆಯ ಸ್ನಾಯು ಬಿಗಿಯಾಗುತ್ತದೆ. ಜಿಗಿದಾಗೆಲ್ಲ ಅದು ಮೊಣಕಾಲ ಕೆಳಗಿನ, ಇನ್ನೂ ಬೆಳೆಯುತ್ತಿರುವ ಮೂಳೆಯನ್ನು ಎಳೆಯುತ್ತದೆ. ನೋವು ಅಲ್ಲಿಂದಲೇ.

ಕೆಲಸ ಮಾಡಿದ್ದು ಸ್ಟ್ರೆಚಿಂಗ್ ಸಲಹೆ. ಗೋಡೆ ಹಿಡಿದು ನಿಂತು, ಪಾದವನ್ನು ಹಿಂದೆ ಎತ್ತಿ ಹಿಡಿದು 30 ಸೆಕೆಂಡ್, ಬೆಳಿಗ್ಗೆ ಸಂಜೆ. ಆಟ ಪೂರ್ತಿ ಬಿಡಿಸಲಿಲ್ಲ, ಸ್ಮ್ಯಾಶ್‌ಗೆ ಜಿಗಿಯುವುದು ಮಾತ್ರ ಬಂದ್. ಆಡಿ ಬಂದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್, 15 ನಿಮಿಷ. ಮೊನ್ನೆ ಮೂರು ಮಹಡಿ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದ. ನೋಡಿ ನನಗೆ ಕಣ್ಣು ತುಂಬಿ ಬಂತು.

ಎಳ್ಳೆಣ್ಣೆ ತಿಕ್ಕಿದ್ದರಿಂದ, ಕ್ಯಾಲ್ಸಿಯಂ ಮಾತ್ರೆಯಿಂದ ನಮಗೇನೂ ಆಗಲಿಲ್ಲ.

ನನಗೆ ಗೊತ್ತೇ ಇರದಿದ್ದ ವಿಷಯ: ಬೆಳವಣಿಗೆ ಮುಗಿಯುವವರೆಗೆ ನೋವು ಬಂದು ಹೋಗಿ ಮಾಡಬಹುದು, ಕೆಲವರಿಗೆ ವರ್ಷದ ಮೇಲೂ. ನೋವು ಹೋದರೂ ಗಂಟು ಉಳಿಯಬಹುದು, ಅದಕ್ಕೆ ಹೆದರಬೇಕಿಲ್ಲವಂತೆ. 1903ರಲ್ಲೇ ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಇದನ್ನು ಬರೆದಿಟ್ಟಿದ್ದರು, ಆ ಹೆಸರು ಅವರದೇ.

ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಮೊಣಕಾಲು ಪೂರ್ತಿ ಊದುವುದು ಇದ್ದರೆ ಇದೇ ಅಂತ ಸುಮ್ನೆ ಕೂರಬೇಡಿ, ತಕ್ಷಣ ತೋರಿಸಿ.