ಭಾನುವಾರದ ಪ್ರಶ್ನೋತ್ತರ: “ಬೇಜಾರು” ಎಂದರೆ ಡಾಕ್ಟರಿಗೆ ತಿಳಿಯುವುದಿಲ್ಲ, ಮತ್ತೇನೆಂದು ಹೇಳಲಿ?

ನಿರ್ವಾಹಕಿ: ಎಲ್ಲರಿಗೂ ನಮಸ್ಕಾರ. ಮನಸ್ಸು ಕುಗ್ಗುವುದು, ಖಿನ್ನತೆ, ಅದನ್ನು ವೈದ್ಯರ ಬಳಿ ಹೇಳಿಕೊಳ್ಳುವುದು ಹೇಗೆ – ಇವತ್ತಿನ ವಿಷಯ ಇದು. ಉಡುಪಿಯಲ್ಲಿ ಬಹಳ ವರ್ಷಗಳಿಂದ ರೋಗಿಗಳನ್ನು ನೋಡುತ್ತಿರುವ ಮನೋವೈದ್ಯೆಯೊಬ್ಬರು ಮಧ್ಯಾಹ್ನ ಮೂರರಿಂದ ಉತ್ತರಿಸುತ್ತಾರೆ. ಹೆಸರು ಬೇಡ, ಊರು ಹಾಕಿದರೆ ಸಾಕು. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ಬಂಟ್ವಾಳ: ಡಾಕ್ಟರೇ, ನನಗೆ 41 ವರ್ಷ. ಮನೆಯಲ್ಲಿ ಬೀಡಿ ಕಟ್ಟುತ್ತೇನೆ. ಏಳೆಂಟು ತಿಂಗಳಿಂದ ತಲೆ ಭಾರ, ಕುತ್ತಿಗೆ ನೋವು, ಸುಸ್ತು. ಮೂವರು ಡಾಕ್ಟರನ್ನು ಕಂಡೆ. ಸ್ಕ್ಯಾನ್ ಮಾಡಿಸಿ ಎಲ್ಲ ಸರಿ ಇದೆ ಎಂದರು. ಶಕ್ತಿಯ ಇಂಜೆಕ್ಷನ್ ಕೊಟ್ಟರು. ಒಬ್ಬರ ಬಳಿ ಧೈರ್ಯ ಮಾಡಿ “ಬೇಜಾರು ಡಾಕ್ಟರೇ” ಎಂದೆ. “ನಾಲ್ಕು ದಿನ ತವರಿಗೆ ಹೋಗಿ ಬನ್ನಿ” ಎಂದರು. ಆಮೇಲೆ ಏನು ಹೇಳಬೇಕೆಂದು ತಿಳಿಯದೆ ಚೀಟಿ ಹಿಡಿದುಕೊಂಡು ಬಂದೆ.

ವೈದ್ಯೆ: ಅಕ್ಕ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಮ್ಮ ಕಡೆ ಬಸ್ ತಪ್ಪಿದರೂ ಬೇಜಾರು, ಮಳೆ ಬಿಡದಿದ್ದರೂ ಬೇಜಾರು, ಬದುಕೇ ಸಾಕೆನಿಸಿದರೂ ಬೇಜಾರು. ತಲೆಬಿಸಿ ಎನ್ನಲು ಬಳಸುವ ತುಳುವಿನ ಮಂಡೆಬೆಚ್ಚವೂ ಹಾಗೆಯೇ. ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕುಳಿತಿರುವಾಗ ವೈದ್ಯರ ಕಿವಿಗೆ ಆ ಮಾತಿನ ಹಗುರವಾದ ಅರ್ಥವೇ ಬೀಳುತ್ತದೆ. ತಪ್ಪು ನಿಮ್ಮದಲ್ಲ. ಮುಂದಿನ ಪ್ರಶ್ನೆ ಕೇಳಬೇಕಾಗಿದ್ದವರು ನಾವು. ನಾನು ಈಗ ಕೇಳುತ್ತೇನೆ: ಮೊದಲು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಿದ್ದಿರಿ? ಈಗ ಎಷ್ಟು?

ಬಂಟ್ವಾಳ: ಎಂಟುನೂರು ಕಟ್ಟುತ್ತಿದ್ದೆ. ಈಗ ಮುನ್ನೂರಾದರೆ ಹೆಚ್ಚು. ಎಲೆ ಕತ್ತರಿಸಿ ಇಟ್ಟಿರುತ್ತೇನೆ, ಮೊರ ಮಡಿಲಲ್ಲೇ ಇರುತ್ತದೆ, ಕೈ ಏಳುವುದಿಲ್ಲ. ಮೂರೂವರೆಗೆ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ. ಬೆಳಗಾಗುವವರೆಗೆ ಮಾಡಿನ ಹೆಂಚು ನೋಡುತ್ತಾ ಮಲಗಿರುತ್ತೇನೆ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಳು. ಪಾಯಸ ಮಾಡಿದೆ, ಆದರೆ ಸಂತೋಷವಾಗಲಿಲ್ಲ. ಇಂಥ ತಾಯಿಯೂ ಇರುತ್ತಾಳೆಯೇ ಎನಿಸಿತು.

ವೈದ್ಯೆ: ಇದನ್ನೇ ಹೇಳಿ ಅಕ್ಕ, ಇದೇ ಮಾತುಗಳಲ್ಲಿ. ಎಂಟುನೂರು ಮುನ್ನೂರಾಯಿತು, ಮೂರೂವರೆಗೆ ಎಚ್ಚರವಾಗುತ್ತದೆ, ಮಗಳು ಪಾಸಾದರೂ ಸಂತೋಷವಾಗಲಿಲ್ಲ, ಅದಕ್ಕೂ ನನ್ನನ್ನೇ ಬೈದುಕೊಂಡೆ. ಈ ನಾಲ್ಕು ಮಾತು ಕೇಳಿದ ಮೇಲೆ ತವರಿಗೆ ಹೋಗಿ ಬನ್ನಿ ಎಂದು ಯಾವ ವೈದ್ಯರೂ ಹೇಳಲಾರರು. ಮನಸ್ಸು ಹೇಗಿದೆ ಎಂದು ವಿವರಿಸುವುದು ಓದಿದವರಿಗೂ ಕಷ್ಟ. ದಿನದಲ್ಲಿ ಏನು ನಿಂತುಹೋಗಿದೆ ಎಂದು ಹೇಳುವುದು ಎಲ್ಲರಿಗೂ ಬರುತ್ತದೆ.

ಖಿನ್ನತೆ ಎನ್ನಬೇಕಾದರೆ ಮನಸ್ಸು ಕುಗ್ಗಿರುವುದು, ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಇರಬೇಕು. ಜೊತೆಗೆ ನಿದ್ರೆ, ಹಸಿವು, ಸುಸ್ತು, ಗಮನ, ತಾನು ನಿಷ್ಪ್ರಯೋಜಕಿ ಎಂಬ ಭಾವ, ಸಾವಿನ ಯೋಚನೆ, ಇವುಗಳಲ್ಲಿ ಕೆಲವು. ನಮ್ಮ ಬಳಿ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂರಿಸಿಕೊಂಡು ಮಾತನಾಡಲೇಬೇಕು. ತಲೆಭಾರ, ಮೈಕೈ ನೋವು ಸುಳ್ಳಲ್ಲ. ಈ ಕಾಯಿಲೆ ಮೈಯಲ್ಲೂ ಕಾಣಿಸಿಕೊಳ್ಳುತ್ತದೆ, ನಮ್ಮಲ್ಲಿ ಬಹಳ ಜನರಿಗೆ ಮೊದಲು ಮೈಯಲ್ಲೇ. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಆಗಿದೆಯೇ ಎಂದು ನೋಡಿಕೊಳ್ಳಿ. ಅವು ಕಡಿಮೆಯಾದಾಗಲೂ ಹೀಗೆಯೇ ಆಗುವುದುಂಟು.

ನಾಲಿಗೆ ಏಳದಿದ್ದರೆ ಈ ನಾಲ್ಕು ಮಾತುಗಳನ್ನು ಬರೆದುಕೊಂಡು ಹೋಗಿ, ಕುಳಿತ ಕೂಡಲೇ ಮೇಜಿನ ಮೇಲೆ ಇಡಿ. ಏಳುವಾಗ ಹೇಳೋಣ ಎಂದು ಬಾಕಿ ಇಡಬೇಡಿ. ಬಾಗಿಲ ಹಿಡಿಗೆ ಕೈ ಹಾಕಿದ ಮೇಲೆ “ಇನ್ನೊಂದು ವಿಷಯ ಡಾಕ್ಟರೇ” ಎಂದು ತಿರುಗಿದವರನ್ನು ನಾನು ಎಷ್ಟೋ ಸಲ ಮತ್ತೆ ಕೂರಿಸಿದ್ದೇನೆ. ಆ ಇನ್ನೊಂದು ವಿಷಯಕ್ಕೇ ಅವರು ಬಂದಿರುತ್ತಾರೆ.

ಸುರತ್ಕಲ್: ಈ ಮಾತ್ರೆಗಳು ಚಟವಾಗುತ್ತವೆಯೇ ಮೇಡಂ?

ವೈದ್ಯೆ: ಖಿನ್ನತೆಗೆ ಕೊಡುವ ಮಾತ್ರೆಗಳು ಚಟವಾಗುವುದಿಲ್ಲ. ಆದರೆ ಒಮ್ಮೆಲೇ ಬಿಟ್ಟರೆ ತಲೆಸುತ್ತು, ಸಿಡಿಮಿಡಿ ಬರುತ್ತದೆ. ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಅಲ್‌ಪ್ರಜೋಲಾಮ್‌ನಂಥ ನಿದ್ರೆಯ ಮಾತ್ರೆಗಳ ಜಾತಿಯೇ ಬೇರೆ. ಅವು ಚಟವಾಗುತ್ತವೆ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರುವವರು ಇಲ್ಲೇ ಇದ್ದೀರಿ, ನಿಲ್ಲಿಸಲು ವೈದ್ಯರನ್ನು ಕಾಣಿ.

ಮೂಡುಬಿದಿರೆ: ನನಗೆ 22 ವರ್ಷ. ಡಾಕ್ಟರ ಬಳಿ ಹೋದರೆ ಅಪ್ಪನಿಗೆ ಹೇಳಿಬಿಡುತ್ತಾರೆಯೇ? ಮುಂದೆ ಕೆಲಸಕ್ಕೆ ಸೇರುವಾಗ ತೊಂದರೆಯಾಗುತ್ತದೆಯೇ?

ವೈದ್ಯೆ: ಹೇಳುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ನಿಮ್ಮ ಗುಟ್ಟನ್ನು ಕಾಪಾಡುವ ಹೊಣೆಯನ್ನು ನಮ್ಮ ಮೇಲೆ ಹಾಕಿದೆ. ಜೀವಕ್ಕೆ ಅಪಾಯವಿದ್ದಾಗ, ಅಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆ ಮಾತು. ಮೊದಲ ಭೇಟಿಯಲ್ಲೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ, ವೈದ್ಯರು ಬೇಸರಿಸುವುದಿಲ್ಲ. ಹೋಗುವುದನ್ನು ಮುಂದೂಡಬೇಡ ಮಗಾ ಎಂದು ತಾಯಿಯಂತೆ ಹೇಳುತ್ತಿದ್ದೇನೆ.

ಕಾರ್ಕಳ: ಎಲ್ಲರೂ ಓದಿ. ತಿಮರೆ, ಅಂದರೆ ಒಂದೆಲಗದ ರಸವನ್ನು 21 ದಿನ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ. ರಾತ್ರಿ ಹಾಲಿನಲ್ಲಿ ಇಡೀ ಒಂದು ಜಾಯಿಕಾಯಿ ತೇದು ಕುಡಿಯಿರಿ. ಖಿನ್ನತೆ ಬೇರುಸಹಿತ ಹೋಗುತ್ತದೆ. ಇಂಗ್ಲಿಷ್ ಮಾತ್ರೆಗಳನ್ನು ಅಂದೇ ಬಿಟ್ಟುಬಿಡಬಹುದು. ಹತ್ತು ಗುಂಪುಗಳಿಗೆ ಕಳುಹಿಸಿ.

ವೈದ್ಯೆ: ಇದನ್ನು ತೆಗೆದುಹಾಕಿ. ತಿಮರೆಯ ತಂಬುಳಿ ನಮ್ಮ ಮನೆಯಲ್ಲೂ ಮಾಡುತ್ತೇವೆ, ಊಟಕ್ಕೆ ಒಳ್ಳೆಯದು. ಇಡೀ ಜಾಯಿಕಾಯಿ ಒಳ್ಳೆಯದಲ್ಲ. ಅಷ್ಟು ಹೊಟ್ಟೆಗೆ ಹೋದರೆ ಎದೆ ಬಡಿತ ಏರುತ್ತದೆ, ವಾಂತಿಯಾಗುತ್ತದೆ, ಮತಿ ಭ್ರಮಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಆ ಒಂದು ಸಾಲು, “ಅಂದೇ ಬಿಟ್ಟುಬಿಡಬಹುದು”. ಅದನ್ನು ಓದಿ ಮಾತ್ರೆ ಬಿಟ್ಟು ಮೂರು ವಾರಕ್ಕೆ ಮತ್ತೆ ಹಾಸಿಗೆ ಹಿಡಿದವರನ್ನು ನಾನು ನೋಡಿದ್ದೇನೆ. ಕಳುಹಿಸಿದವರು ಆಗ ಹತ್ತಿರ ಇರಲಿಲ್ಲ.

ಕಾರ್ಕಳ: ಆಯುರ್ವೇದವೆಂದರೆ ನಿಮಗೆ ಯಾಕೆ ಅಷ್ಟು ಸಿಟ್ಟು?

ವೈದ್ಯೆ: ಆಯುರ್ವೇದ ಓದಿದ ವೈದ್ಯರು ಹೀಗೆ ಹೇಳುವುದಿಲ್ಲ. ಇದು ಫಾರ್ವರ್ಡ್.

ಪುತ್ತೂರು: ತಂಗಿಗೆ ಹೆರಿಗೆಯಾಗಿ ಐದು ವಾರ. ಸುಮ್ಮಸುಮ್ಮನೆ ಅಳುತ್ತಾಳೆ. ಮಗು ಅತ್ತರೂ ಎತ್ತಿಕೊಳ್ಳುವುದಿಲ್ಲ, ನಾನು ಮುಟ್ಟಿದರೆ ಅದಕ್ಕೆ ಏನಾದರೂ ಆಗುತ್ತದೆ ಎನ್ನುತ್ತಾಳೆ.

ಬೆಳ್ತಂಗಡಿ: ಬಲಿಮೆ, ಅಂದರೆ ಜೋತಿಷಿಯ ಬಳಿ ಕವಡೆ ಪ್ರಶ್ನೆ, ಕೇಳಿ ನೋಡಿ ಅಕ್ಕ. ನಮ್ಮ ನಾದಿನಿಗೂ ಹೀಗೆಯೇ ಆಗಿತ್ತು. ನಾಗನ ದೋಷ ಎಂದು ತಿಳಿಯಿತು, ಪರಿಹಾರ ಮಾಡಿಸಿದೆವು, ಗುಣವಾದಳು.

ಮಂಗಳೂರು: ಇನ್ನೂ ಯಾವ ಕಾಲದಲ್ಲಿದ್ದೀರಿ? ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಬದಲು ಕವಡೆ ಎಣಿಸುತ್ತೀರಾ?

ಬೆಳ್ತಂಗಡಿ: ನಿಮ್ಮನ್ನು ಯಾರೂ ಕೇಳಲಿಲ್ಲ. ನಮ್ಮ ನಂಬಿಕೆಯ ಬಗ್ಗೆ ಮಾತನಾಡಬೇಡಿ.

ಮಲ್ಪೆ: ಮೇಡಂ, ನನ್ನ ಗಂಡನಿಗೆ 48 ವರ್ಷ. ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದರೂ ಕಡಲಿಗೆ ಹೋಗಿಲ್ಲ. ಕಳೆದ ವರ್ಷ ಮೀನು ಕಡಿಮೆ, ಸಾಲ ಇದೆ. ಮೊದಲು ರಾತ್ರಿ ಮಾತ್ರ ಕುಡಿಯುತ್ತಿದ್ದರು, ಈಗ ಬೆಳಗ್ಗೆಯಿಂದಲೇ. ಊಟ ಸೇರುವುದಿಲ್ಲ. ಆದರೆ ಎರಡು ದಿನಗಳಿಂದ ಸಮಾಧಾನವಾಗಿದ್ದಾರೆ. ನಿನ್ನೆ ಕುತ್ತಿಗೆಯ ಸರ ತೆಗೆದು ಮಗನಿಗೆ ಕೊಟ್ಟು, ಇನ್ನು ನೀನೇ ಹಾಕಿಕೋ ಎಂದರು. ಬ್ಯಾಂಕಿನ ಪುಸ್ತಕ ಎಲ್ಲಿದೆ ಎಂದು ನನಗೆ ತೋರಿಸಿದರು. ಸರಿಯಾಗುತ್ತಿದ್ದಾರೆ ಎನಿಸುತ್ತದೆ. ಶಕ್ತಿಗೆ ಯಾವ ಟಾನಿಕ್ ಕೊಡಲಿ?

ಮಂಗಳೂರು: ನಂಬಿಕೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಸಾಯಿಸುವುದು ಸಾಕು.

ಕಾರ್ಕಳ: ಹಿರಿಯರೊಡನೆ ಮಾತನಾಡುವ ರೀತಿಯೇ ಇದು? ನಾಲ್ಕಕ್ಷರ ಕಲಿತ ಕೂಡಲೇ ದೈವದೇವರು ಬೇಡವಾಯಿತು.

ಸುರತ್ಕಲ್: ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕೇ? ಚಟವಾಗುವುದಿಲ್ಲ ತಾನೇ?

ಉಳ್ಳಾಲ: ಮಗ ರಾತ್ರಿ ಎರಡರವರೆಗೆ ಮೊಬೈಲ್ ನೋಡುತ್ತಾನೆ, ಯಾರ ಬಳಿಯೂ ಮಾತನಾಡುವುದಿಲ್ಲ. ಇದೂ ಖಿನ್ನತೆಯೇ?

ಬೆಳ್ತಂಗಡಿ: ನಿರ್ವಾಹಕರೇ, ಮಂಗಳೂರಿನವರನ್ನು ಗುಂಪಿನಿಂದ ತೆಗೆಯಿರಿ. ಇಲ್ಲವಾದರೆ ನಾವು ಹೊರಡುತ್ತೇವೆ.

ವೈದ್ಯೆ: ಎಲ್ಲರೂ ನಿಲ್ಲಿಸಿ. ಮಲ್ಪೆಯ ಅಕ್ಕ, ನಿಮಗೆ ಬರೆಯುತ್ತಿದ್ದೇನೆ. ಓದುತ್ತಿದ್ದೀರಾ?

ಅವರು ಈಗ ಎಲ್ಲಿದ್ದಾರೆ? ಒಬ್ಬರೇ ಇದ್ದರೆ ಮೊದಲು ಹತ್ತಿರ ಹೋಗಿ, ಆಮೇಲೆ ಮುಂದೆ ಓದಿ.

ಟಾನಿಕ್ ಬೇಡ. ಬಹಳ ದಿನ ಕುಗ್ಗಿದ್ದವರು ಒಮ್ಮೆಲೇ ಸಮಾಧಾನವಾಗುವುದು, ಮೈಮೇಲಿನ ಸರ ಕೊಡುವುದು, ಬ್ಯಾಂಕಿನ ಪುಸ್ತಕ ತೋರಿಸುವುದು, ಇವು ಗುಣವಾಗುವ ಲಕ್ಷಣ ಅಲ್ಲದಿರಬಹುದು. ಸಾಯಬೇಕೆಂದು ನಿಶ್ಚಯಿಸಿದವರು ಹೀಗೆ ನಡೆದುಕೊಳ್ಳುವುದುಂಟು. ನಾನು ಹೆದರಿಸುತ್ತಿಲ್ಲ, ಇವತ್ತೇ ಕೆಲಸ ಆಗಬೇಕೆಂದು ಹೇಳುತ್ತಿದ್ದೇನೆ. ಅವರನ್ನು ನೇರವಾಗಿ ಕೇಳಿ: “ನಿಮಗೆ ಜೀವ ಬೇಡ ಎನಿಸುತ್ತಿದೆಯೇ? ಸಾಯಬೇಕೆಂದು ಯೋಚಿಸಿದ್ದೀರಾ?” ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ. ಇಲ್ಲ ಎಂದರೂ ನಂಬಿ ಸುಮ್ಮನಾಗಬೇಡಿ. ಬೈಯಬೇಡಿ, ಸಾಲದ ಮಾತು ಎತ್ತಬೇಡಿ, ಮಕ್ಕಳ ಮೇಲೆ ಆಣೆ ಹಾಕಿಸಬೇಡಿ.

ಮನೆಯಲ್ಲಿರುವ ಮಾತ್ರೆ, ಇಲಿಪಾಷಾಣ, ಇಂಥವುಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿ. ಕುಡಿತವನ್ನು ಇವತ್ತೇ ನಿಮ್ಮ ಕೈಯಿಂದ ಬಿಡಿಸಲು ಹೋಗಬೇಡಿ. ದಿನವೂ ಕುಡಿಯುವವರಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಅದನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾರೆ. ಜೊತೆಗೆ ಬರಲು ಗಂಡಸರು ಯಾರಿದ್ದಾರೆ? ಅವರು ಯಾರ ಮಾತು ಕೇಳುತ್ತಾರೆ?

ಮಲ್ಪೆ: ಒಳಗೆ ಮಲಗಿದ್ದಾರೆ. ಮಗ ಪಕ್ಕದಲ್ಲಿ ಕುಳಿತಿದ್ದಾನೆ. ಮೈದುನನ ಮಾತು ಕೇಳುತ್ತಾರೆ. ಆದರೆ ಹುಚ್ಚಾಸ್ಪತ್ರೆಗೆ ಎಂದರೆ ಬರುವುದಿಲ್ಲ ಮೇಡಂ.

ವೈದ್ಯೆ: ಆ ಮಾತೇ ಬೇಡ. ಸುಳ್ಳೂ ಹೇಳಬೇಡಿ. ನಿದ್ರೆ ಇಲ್ಲ, ಊಟ ಸೇರುತ್ತಿಲ್ಲ, ನನಗೆ ಹೆದರಿಕೆಯಾಗುತ್ತಿದೆ, ನನಗೋಸ್ಕರ ಬನ್ನಿ ಎನ್ನಿ. ಅದು ನಿಜ ತಾನೇ? ಮೈದುನನನ್ನು ಈಗಲೇ ಕರೆಯಿರಿ. ಅವರು ಬರುವವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ, 14416. ಹಣ ಕೊಡಬೇಕಾಗಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ನಿಮ್ಮ ಗಂಡ ಎದ್ದು ಹೊರಟರೆ, ಕೈಮೀರಿದರೆ 108ಕ್ಕೆ ಅಥವಾ 112ಕ್ಕೆ ಮಾಡಿ.

ನಿರ್ವಾಹಕಿ: ಅಕ್ಕ, ನಾನು ನಿಮಗೆ ಬೇರೆಯಾಗಿ ಕರೆ ಮಾಡುತ್ತಿದ್ದೇನೆ, ಎತ್ತಿಕೊಳ್ಳಿ.

ಬೆಳ್ತಂಗಡಿ: ಪೊಲೀಸು, ಕೇಸು ಎಂದೆಲ್ಲ ಆಗುವುದಿಲ್ಲವೇ ಡಾಕ್ಟರೇ? ಆ ಅಕ್ಕ ಹೆದರಿಯಾರು.

ವೈದ್ಯೆ: ಒಳ್ಳೆಯ ಪ್ರಶ್ನೆ. ಯೋಚನೆ ಬಂದರೆ ಯಾವ ಕೇಸೂ ಇಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣಬೇಕು, ಶಿಕ್ಷೆಗೆ ಗುರಿಪಡಿಸಬಾರದು ಎಂದು ಅದೇ 2017ರ ಕಾಯ್ದೆ ಹೇಳುತ್ತದೆ. ಹೆದರಿ ತಡಮಾಡಬೇಡಿ.

ಪುತ್ತೂರಿನವರೇ, ನಿಮ್ಮದೂ ತಡೆಯುವ ವಿಷಯವಲ್ಲ. ಹೆರಿಗೆಯ ಮೇಲಿನ ಅಳು ಎರಡು ವಾರದೊಳಗೆ ಇಳಿಯಬೇಕು. ಐದು ವಾರವಾದರೂ ಇದ್ದು, ಮಗುವಿಗೆ ಏನೋ ಆಗುತ್ತದೆ ಎನ್ನುತ್ತಿದ್ದಾಳೆ ಎಂದರೆ ನಾಳೆ ಬೆಳಗ್ಗೆಯೇ ಕರೆದೊಯ್ಯಿರಿ. ಅಲ್ಲಿಯವರೆಗೆ ತಾಯಿ ಮಗುವನ್ನು ಇಬ್ಬರನ್ನೇ ಬಿಡಬೇಡಿ. ಕಿವಿಯಲ್ಲಿ ಯಾರೋ ಮಾತನಾಡಿದಂತಾಗುತ್ತದೆ ಎಂದರೆ, ರಾತ್ರಿಯಿಡೀ ನಿದ್ರೆಯೇ ಇಲ್ಲ ಎಂದರೆ ಇವತ್ತೇ. ಹಾಲೂಡುವ ತಾಯಿಗೆ ಕೊಡಬಹುದಾದ ಔಷಧಗಳಿವೆ. ನಾಗನಿಗೆ ಹಾಲೆರೆದು ತನು ಹಾಕುವುದಿದ್ದರೆ ಹಾಕಿ, ನಾನು ಬೇಡವೆನ್ನುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಹಾಕಿ. ಬಲಿಮೆಯ ದಿನ ಸಿಗಲಿ ಎಂದು ಕಾಯುತ್ತಾ ಎರಡು ತಿಂಗಳು ಕಳೆದುಕೊಂಡವರ ಮನೆಗಳನ್ನು ನಾನು ಬಲ್ಲೆ.

ಮಂಗಳೂರು: ಅಂತೂ ನಾನು ಹೇಳಿದ್ದೇ ಸರಿ ಎಂದಾಯಿತು.

ವೈದ್ಯೆ: ನೀವು ಹೇಳಿದ ರೀತಿ ಸರಿಯಿರಲಿಲ್ಲ. ನೀವು ಜಗಳ ಮಾಡುತ್ತಿದ್ದಾಗ ಆ ಹೆಣ್ಣುಮಗಳ ಸಂದೇಶ ಮೇಲಕ್ಕೆ ಸರಿದುಹೋಗಿತ್ತು. ನಾನೂ ಅದನ್ನು ಹದಿನೈದು ನಿಮಿಷ ತಡವಾಗಿ ಕಂಡೆ. ಅದು ನನ್ನ ತಪ್ಪೂ ಹೌದು.

ಕುಂದಾಪುರ: ನನಗೆ ಮಾತ್ರೆ ಶುರುಮಾಡಿ ಎಂಟು ದಿನವಾಯಿತು. ಹೊಟ್ಟೆ ತೊಳಸುತ್ತದೆ, ಗುಣ ಏನೂ ಇಲ್ಲ. ಬಿಡಲೇ?

ವೈದ್ಯೆ: ಬಿಡಬೇಡಿ. ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ಚಡಪಡಿಕೆ ಹೆಚ್ಚಿದರೆ ಅಥವಾ ಸಾವಿನ ಯೋಚನೆ ಬಂದರೆ ಕಾಯಬೇಡಿ, ಕೊಟ್ಟ ವೈದ್ಯರಿಗೆ ಅಂದೇ ತಿಳಿಸಿ. 25ರ ಒಳಗಿನವರ ಮನೆಯವರು ಮೊದಲ ವಾರಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಸುರತ್ಕಲ್: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಜೀವನಪೂರ್ತಿಯೇ?

ವೈದ್ಯೆ: ಅಲ್ಲ. ಮೊದಲ ಸಲವಾದರೆ ಗುಣವಾದ ಮೇಲೂ ಕನಿಷ್ಠ ಆರು ತಿಂಗಳು. ಮರುಕಳಿಸಿದವರಿಗೆ ಹೆಚ್ಚು ಕಾಲ.

ಮಣಿಪಾಲ: ಚಟವಾಗುತ್ತದೆ ಎನ್ನುತ್ತಾರಲ್ಲ?

ವೈದ್ಯೆ: ಮೇಲೆ ಓದಿ.

ಬಂಟ್ವಾಳ: ಡಾಕ್ಟರೇ, ನೀವು ಹೇಳಿದ ನಾಲ್ಕು ಮಾತುಗಳನ್ನು ಮಗಳ ಕೈಯಲ್ಲಿ ಬರೆಸಿದೆ. ಬರೆಯುತ್ತಾ ಅವಳು ಅತ್ತಳು. ಅವಳಿಗೆ ಹೇಳಿದ್ದು ತಪ್ಪಾಯಿತೇ?

ವೈದ್ಯೆ: ಇಲ್ಲ ಅಕ್ಕ. ಅವಳನ್ನೇ ಜೊತೆಗೆ ಕರೆದುಕೊಂಡು ಹೋಗಿ. ನೀವು ಮರೆತದ್ದನ್ನು ಅವಳು ಹೇಳುತ್ತಾಳೆ.

ಕಾರ್ಕಳ: ನನ್ನ ಸಂದೇಶವನ್ನು ತೆಗೆದದ್ದು ಸರಿಯಲ್ಲ. ಇಂಥ ಗುಂಪಿನಲ್ಲಿ ಇರುವುದಿಲ್ಲ.

ಉಳ್ಳಾಲ: ಮೇಡಂ, ಮಗನ ವಿಷಯ ಕೇಳಿದ್ದೆ.

ಮಲ್ಪೆ: ಮೈದುನ ರಿಕ್ಷಾ ತಂದಿದ್ದಾರೆ. ನೀವು ಹೇಳಿದ ಹಾಗೆಯೇ ಕೇಳಿದೆ ಮೇಡಂ. ತುಂಬ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೌದು ಎಂದರು. ಅಂಗಿ ಹಾಕಿಕೊಳ್ಳುತ್ತಿದ್ದಾರೆ.

ವೈದ್ಯೆ: ಮೈದುನ ಒಂದು ಬದಿ, ಮಗ ಒಂದು ಬದಿ ಕೂರಲಿ, ಅವರು ನಡುವೆ. ಇವತ್ತು ಭಾನುವಾರ, ಹೊರರೋಗಿ ವಿಭಾಗ ಇರುವುದಿಲ್ಲ. ಕೌಂಟರಿನಲ್ಲಿ ನಾಳೆ ಬನ್ನಿ ಎಂದರೆ ತಿರುಗಬೇಡಿ, ತುರ್ತು ವಿಭಾಗಕ್ಕೇ ಹೋಗಿ. ಅಲ್ಲಿ ಸುಸ್ತು, ಊಟ ಎಂದು ಶುರುಮಾಡಬೇಡಿ. ಮೊದಲು ಸರದ ವಿಷಯ ಹೇಳಿ, ಆಮೇಲೆ ಅವರು ಹೌದು ಎಂದದ್ದನ್ನು ಹೇಳಿ, ಆಮೇಲೆ ಕುಡಿತ ಎಷ್ಟು, ಕೊನೆಯ ಸಲ ಯಾವಾಗ ಎಂದು ಹೇಳಿ. ತಲುಪಿದ ಕೂಡಲೇ ನಿರ್ವಾಹಕಿಗೆ ತಿಳಿಸಿ. ನಾನು ಫೋನ್ ಹಿಡಿದೇ ಇರುತ್ತೇನೆ. ಉಳಿದ ಪ್ರಶ್ನೆಗಳು ಇವತ್ತಿಗೆ ಸಾಕು.